ರಿಯಾಕ್ಷನ್ ಟೈಮ್ ಪ್ರಯೋಗ: ಬೆಳಕಿಗಿಂತ ಶಬ್ದಕ್ಕೇ ಜಾಸ್ತಿ ಹೊತ್ತು ಬರುತ್ತಿದೆ, ಯಾಕೆ?

ಹೈಸ್ಕೂಲ್‌ಮೇಷ್ಟ್ರು:
ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಕ್ಕಳು ವಿಜ್ಞಾನ ಮೇಳಕ್ಕೆ ರಿಯಾಕ್ಷನ್ ಟೈಮ್ ಅಳೆಯುತ್ತಿದ್ದಾರೆ. ಲ್ಯಾಪ್‌ಟಾಪ್ ಪರದೆ ಹಸಿರಾದ ಕೂಡಲೇ ಸ್ಪೇಸ್‌ಬಾರ್ ಒತ್ತಬೇಕು. ಇನ್ನೊಂದು ಸುತ್ತಿನಲ್ಲಿ ಬೀಪ್ ಕೇಳಿದ ಕೂಡಲೇ. ಮೂರನೆಯದು ಸ್ಪರ್ಶ, ಅದಕ್ಕೆ ಎಡಗೈ ಬೆರಳಿಗೆ ಮೊಬೈಲಿನ ವೈಬ್ರೇಟರ್ ಮೋಟರ್ ಅಂಟಿಸಿ ಆರ್ಡುಯಿನೊ ಅನ್ನುವ, ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡಿನಿಂದ ಓಡಿಸುತ್ತೇವೆ. ಕಣ್ಣಿಗಿಂತ ಕಿವಿ ಬೇಗ ಅಂತ ಎಲ್ಲ ಕಡೆ ಬರೆದಿದ್ದಾರೆ. ನಮ್ಮಲ್ಲಿ ನೋಡಿದರೆ ಬೆಳಕಿಗೆ ಸುಮಾರು 280 ಮಿಲಿಸೆಕೆಂಡ್, ಬೀಪ್‌ಗೆ 400ರ ಹತ್ತಿರ! ಒಬ್ಬಿಬ್ಬರಿಗಲ್ಲ, ಇಡೀ ಕ್ಲಾಸಿಗೇ ಹೀಗೆ. ಬೀಪ್ ಬರುವುದು ಬ್ಲೂಟೂತ್ ಸ್ಪೀಕರಿನಿಂದ, ಲ್ಯಾಪ್‌ಟಾಪ್ ಸದ್ದು ಆ ಕೋಣೆಗೆ ಸಾಲುವುದಿಲ್ಲ. ಮಕ್ಕಳು ಸೋಮಾರಿಗಳಲ್ಲ, ಅದಂತೂ ಗ್ಯಾರಂಟಿ.

ಬೆಸುಗೆಪ್ರಿಯ:
ಸರ್, ಬ್ಲೂಟೂತ್ ಅಂದಿರಲ್ಲ, ಕಳ್ಳ ಅಲ್ಲೇ ಇದ್ದಾನೆ. ಶಬ್ದವನ್ನು ಸಂಕುಚಿಸಿ, ಕಳಿಸಿ, ಆ ಕಡೆ ಬಿಡಿಸಿ ನುಡಿಸುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡ್ ಸುಮ್ನೆ ಹೋಗುತ್ತದೆ. ಅಷ್ಟೂ ಮಕ್ಕಳ ಲೆಕ್ಕಕ್ಕೆ ಬೀಳುತ್ತಿದೆ. ಅದೇ ಪ್ರೋಗ್ರಾಮ್ ಇಟ್ಟುಕೊಂಡು ವೈರ್ ಇರುವ ಸ್ಪೀಕರ್ ಹಾಕಿ ನೋಡಿ.

ಪರದೆಯೂ ಸಾಚಾ ಅಲ್ಲ. 60 ಹರ್ಟ್ಸ್ ಪರದೆ ಹೊಸ ಚಿತ್ರ ತೋರಿಸುವುದೇ ಸುಮಾರು 17 ಮಿಲಿಸೆಕೆಂಡಿಗೆ ಒಮ್ಮೆ, ಮೇಲೆ ಕೀಬೋರ್ಡಿನದ್ದೂ ಸ್ವಲ್ಪ ಸೇರುತ್ತದೆ. ಆರ್ಡುಯಿನೊ ಹೇಗೂ ಇದೆಯಲ್ಲ, ಎಲ್ಲವನ್ನೂ ಅದರ ಮೇಲೇ ಮಾಡಿಬಿಡಿ: ಒಂದು ಎಲ್‌ಇಡಿ, ಒಂದು ಬಜರ್, ಒಂದು ಪುಶ್ ಬಟನ್. ಎಲ್‌ಇಡಿ ಹೊತ್ತಿಸುವ ಸಾಲಿನ ಪಕ್ಕದಲ್ಲೇ ಸಮಯ ಬರೆದುಕೊಳ್ಳಿ. ಬಟನ್ ಒತ್ತಿದಾಗ ಅದರ ಲೋಹದ ಪಟ್ಟಿ ಒಳಗೇ ಕುಣಿಯುತ್ತದೆ, ಅದಕ್ಕೆ ಮೊದಲ ಸ್ಪರ್ಶವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡಿ.

ವೈಬ್ರೇಟರ್ ಬಗ್ಗೆ ಹೇಳಲೇಬೇಕು. ಕರೆಂಟ್ ಕೊಟ್ಟ ಕ್ಷಣವೇ ಅದು ಅಲುಗುವುದಿಲ್ಲ, ಒಳಗಿನ ತೂಕ ವೇಗ ಹಿಡಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಇನ್ನೊಂದು, ಮೋಟರ್ ಮೇಜಿಗೆ ತಾಗಿದರೆ ಗುರ್ ಅನ್ನುತ್ತದೆ, ಆಗ ಹುಡುಗ ಬೆರಳಿನಿಂದಲ್ಲ, ಕಿವಿಯಿಂದಲೇ ತಿಳಿದುಕೊಳ್ಳುತ್ತಾನೆ. ಕೈ ಕೆಳಗೆ ಮಡಚಿದ ಟವೆಲ್ ಇಡಿ, ಕಿವಿಗೆ ಹತ್ತಿ.

ನರಮಂಡಲ:
ಮೇಲಿನವರು ಹೇಳಿದ್ದು ಸರಿ. ದೊಡ್ಡವರ ಮೇಲೆ ಸರಿಯಾದ ಉಪಕರಣದಲ್ಲಿ ಅಳೆದರೆ ಸಾಮಾನ್ಯವಾಗಿ ಶಬ್ದಕ್ಕೆ 140ರಿಂದ 160, ಬೆಳಕಿಗೆ 180ರಿಂದ 200 ಮಿಲಿಸೆಕೆಂಡ್ ಬರುತ್ತದೆ. ಸ್ಪರ್ಶ ಶಬ್ದದ ಆಸುಪಾಸಿನಲ್ಲೇ ಇರುತ್ತದೆ. ಶಾಲೆಯ ಉಪಕರಣದಲ್ಲಿ ಎಲ್ಲವೂ ಇದಕ್ಕಿಂತ ಜಾಸ್ತಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ವ್ಯತ್ಯಾಸ ಶುರುವಾಗುವುದು ಕಣ್ಣಿನಲ್ಲೇ. ಕಿವಿಯೊಳಗಿನ ಕೂದಲಿನಂಥ ಎಳೆಗಳು ಬಾಗಿದರೆ ಸಾಕು, ಜೀವಕೋಶದ ಬಾಗಿಲು ನೇರವಾಗಿ ತೆರೆಯುತ್ತದೆ. ಕಣ್ಣಿನ ಪರದೆಯಲ್ಲಿ ಮಾತ್ರ ಬೆಳಕು ಒಂದರ ಹಿಂದೆ ಒಂದು ರಾಸಾಯನಿಕ ಕ್ರಿಯೆ ನಡೆಸಿ ಆಮೇಲೆ ಸಂಕೇತವಾಗಬೇಕು. ಶಬ್ದದ ಸಂಕೇತ ಮಿದುಳಿಗೆ 8–10 ಮಿಲಿಸೆಕೆಂಡಿನಲ್ಲಿ ಮುಟ್ಟಿದರೆ ಬೆಳಕಿನದಕ್ಕೆ 20ರಿಂದ 40 ಬೇಕು.

ಆದರೆ ಮಂದ ಬೀಪ್, ಕಣ್ಣಿಗೆ ರಾಚುವ ಎಲ್‌ಇಡಿ ಇಟ್ಟರೆ ಈ ಅಂತರ ಕರಗಿಹೋಗಬಹುದು. ಸಂಕೇತ ಜೋರಾದಷ್ಟೂ ಕೈ ಬೇಗ ಏಳುತ್ತದೆ. ಹಾಗಾಗಿ ಎಷ್ಟು ಜೋರು, ಎಷ್ಟು ಪ್ರಕಾಶ ಅನ್ನುವುದನ್ನು ಚಾರ್ಟಿನಲ್ಲಿ ಬರೆಯಿಸಿ. ಸಂಕೇತದ ಮುಂಚಿನ ಕಾಯುವಿಕೆ 2ರಿಂದ 5 ಸೆಕೆಂಡಿನೊಳಗೆ ಪ್ರತಿ ಸಲ ಬದಲಾಗಬೇಕು, ಇಲ್ಲದಿದ್ದರೆ ಮಕ್ಕಳು ತಾಳ ಹಿಡಿದುಬಿಡುತ್ತಾರೆ. ಎಲ್ಲರಿಗೂ ಬೆಳಕಿನ ಸುತ್ತನ್ನೇ ಮೊದಲು ಕೊಡಬೇಡಿ, ಅಷ್ಟರಲ್ಲಿ ಕೈ ಪಳಗಿ ಕೊನೆಯ ಸುತ್ತಿಗೆ ಲಾಭವಾಗುತ್ತದೆ. ಸರಾಸರಿ ಬದಲು ಮಧ್ಯಾಂಕ (ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು) ತೆಗೆಯಿರಿ, ಒಬ್ಬ ಕಿಟಕಿ ಕಡೆ ನೋಡಿದರೂ ಲೆಕ್ಕ ಕೆಡುವುದಿಲ್ಲ. 100 ಮಿಲಿಸೆಕೆಂಡಿಗಿಂತ ಕಡಿಮೆ ಬಂದದ್ದನ್ನೆಲ್ಲ ತೆಗೆದುಹಾಕಿ, ಅದು ಸಂಕೇತಕ್ಕೆ ಕಾಯದೆ ಊಹೆಯಲ್ಲಿ ಒತ್ತಿದ್ದು.

ಎಂಟನೇಲೇನ್:
ಆ 100 ಓಟದ ಪಂದ್ಯದಲ್ಲೂ ಇದೆ. ಗನ್ ಆದ ಮೇಲೆ 0.1 ಸೆಕೆಂಡಿಗಿಂತ ಮುಂಚೆ ಹೊರಟರೆ ಫಾಲ್ಸ್ ಸ್ಟಾರ್ಟ್. 2022ರ ಯೂಜೀನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 110 ಮೀಟರ್ ಹರ್ಡಲ್ಸ್ ಫೈನಲ್‌ನಿಂದ ಡೆವೊನ್ ಆಲನ್ ಅವರನ್ನು 0.099 ಅಂತ ಹೊರಗೆ ಹಾಕಿದರು, ಒಂದೇ ಒಂದು ಮಿಲಿಸೆಕೆಂಡಿಗೆ! ನನಗಂತೂ ಆ ಗೆರೆ ಅನ್ಯಾಯ ಅನಿಸುತ್ತದೆ, ಎಲ್ಲರ ನರವೂ ಒಂದೇ ಥರ ಇರುತ್ತದಾ? ಅಲ್ಲಿ ಪ್ರತಿ ಓಟಗಾರನ ಹಿಂದೆ ಸ್ಪೀಕರ್ ಇಡುವುದೂ ಇದಕ್ಕೇ. ಗನ್ ಒಂದೇ ಬದಿಯಲ್ಲಿದ್ದರೆ ಎಂಟನೇ ಲೇನಿಗೆ ಶಬ್ದ ಸುಮಾರು 25 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ನಿಮ್ಮ ಬಜರ್ ಕೂಡ ಎಲ್ಲರಿಗೂ ಒಂದೇ ದೂರದಲ್ಲಿರಲಿ ಸರ್.

ಹೈಸ್ಕೂಲ್‌ಮೇಷ್ಟ್ರು:
ವೈರ್ ಸ್ಪೀಕರ್ ಹಾಕಿದೆವು. ಬೀಪ್ 230ರ ಸುತ್ತ ಬಂತು, ಬೆಳಕು ಅಲ್ಲೇ ಇದೆ! ಮಕ್ಕಳಿಗೆ ಈಗ ಬ್ಲೂಟೂತ್ ತಡವನ್ನೇ ಬೇರೆ ಚಾರ್ಟ್ ಮಾಡುವ ಆಸೆ. ಆರ್ಡುಯಿನೊ ಒಂದೇ ಇರುವುದರಿಂದ ಮೇಳಕ್ಕೆ ಬಂದವರಿಗೆ ಸ್ಕೇಲ್ ಬೀಳಿಸುವ ಆಟ (ಒಬ್ಬರು ಸ್ಕೇಲ್ ಬಿಟ್ಟ ಕೂಡಲೇ ಇನ್ನೊಬ್ಬರು ಬೆರಳಿನಲ್ಲಿ ಹಿಡಿಯುವುದು) ಇಡಬಹುದಾ?

ನರಮಂಡಲ:
ಧಾರಾಳವಾಗಿ. ಸ್ಕೇಲ್ 15 ಸೆಂ.ಮೀ. ಬಿದ್ದರೆ 175 ಮಿಲಿಸೆಕೆಂಡ್, 20ಕ್ಕೆ 202, 30ಕ್ಕೆ 247. ಸ್ಕೇಲಿನ ಮೇಲೇ ಈ ಅಂಕಿ ಅಂಟಿಸಿಬಿಡಿ. ಬೆಳಕಿಗೆ ಮಾತ್ರ ಇದು ಸಾಕು. ಕಣ್ಣು ಮುಚ್ಚಿಸಿ "ಬಿಟ್ಟೆ" ಅಂತ ಕೂಗಿ ಶಬ್ದಕ್ಕೂ ಮಾಡೋಣ ಅಂದರೆ ಬೇಡ. ಕೂಗುವವನ ಬಾಯಿ ಮತ್ತು ಬೆರಳು ಒಟ್ಟಿಗೆ ಬಿಡುವುದೇ ಇಲ್ಲ.