‘ಗ್ರೀನ್’ ವಿಮಾನ ಹಸಿರೋ, ಹಸಿಯೋ? ಬಿಸಿನೆಸ್ ಜೆಟ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಫಾಲ್ಕನ್ ವಿಮಾನಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಫಾಲ್ ಯುದ್ಧವಿಮಾನ ಮಾಡುವ ದಸೋ ಕಂಪನಿಯದ್ದೇ ಈ ಫಾಲ್ಕನ್ ಕೂಡ. ಫಾಲ್ಕನ್ 2000ಎಲ್‌ಎಕ್ಸ್‌ಎಸ್ ಅನ್ನು ನಾಗಪುರದಲ್ಲಿ ರಿಲಯನ್ಸ್ ಜೊತೆ ಸೇರಿ ಪೂರ್ತಿಯಾಗಿ ಜೋಡಿಸುತ್ತೇವೆ ಎಂದು ಜೂನ್ 2025ರಲ್ಲಿ, ಪ್ಯಾರಿಸ್ ಏರ್ ಶೋ ಹೊತ್ತಿಗೆ ಕಂಪನಿ ಹೇಳಿತು. ಫ್ರಾನ್ಸಿನ ಹೊರಗೆ ಫಾಲ್ಕನ್ನಿನ ಕೊನೆಯ ಜೋಡಣೆ ನಡೆಯುವುದು ಇದೇ ಮೊದಲು. 2028ರ ಹೊತ್ತಿಗೆ ಮೊದಲ ವಿಮಾನ ಹಾರಬೇಕು. ಅಂದರೆ ಇನ್ನು ಮುಂದೆ ಈ ಹೆಸರುಗಳು ನಮ್ಮ ಪತ್ರಿಕೆಗಳಲ್ಲೂ ಜಾಸ್ತಿ ಬರುತ್ತವೆ. ಎರಡು ಪದಗಳಲ್ಲಿ ನಾನು ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಮೊದಲನೆಯದು ‘ಬಿಸಿನೆಸ್ ಜೆಟ್’, ಅಂದರೆ ಫಾಲ್ಕನ್ನಿನಂಥ, ಕೆಲವೇ ಜನ ಕೂರುವ ಜೆಟ್ ವಿಮಾನ. ಇದನ್ನು ‘ವಾಣಿಜ್ಯ ವಿಮಾನ’ ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ವಾಣಿಜ್ಯ ವಿಮಾನ ಅಂದರೆ ಟಿಕೆಟ್ ತಗೊಂಡು ನಾವೆಲ್ಲ ಹತ್ತುವ ವಿಮಾನ. ಬಿಸಿನೆಸ್ ಜೆಟ್‌ಗೆ ಟಿಕೆಟ್ಟೂ ಇಲ್ಲ, ವೇಳಾಪಟ್ಟಿಯೂ ಇಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದಾಗ ಎಚ್‌ಎಎಲ್ ನಿಲ್ದಾಣದಿಂದ ವಾಣಿಜ್ಯ ವಿಮಾನಗಳು ಹೊರಟವು, ಬಿಸಿನೆಸ್ ಜೆಟ್‌ಗಳು ಅಲ್ಲಿಗೆ ಬರುತ್ತಲೇ ಇದ್ದವು. ಎರಡಕ್ಕೂ ಒಂದೇ ಪದ ಬಳಸಿದರೆ ಈ ಒಂದು ವಾಕ್ಯವನ್ನೇ ಬರೆಯಲಾಗುವುದಿಲ್ಲ.

ಪತ್ರಿಕೆಗಳಲ್ಲಿ ಓಡಾಡುವ ಪದಗಳು ಬೇರೆ. ‘ವಿಶೇಷ ವಿಮಾನದಲ್ಲಿ ದೆಹಲಿಗೆ ತೆರಳಿದರು’ ಅನ್ನುತ್ತಾರೆ. ಅಲ್ಲಿ ವಿಶೇಷ ಅನ್ನುವುದು ಆ ದಿನದ ಪ್ರಯಾಣಕ್ಕೆ ಹೊರತು ಯಂತ್ರಕ್ಕಲ್ಲ. ದೊಡ್ಡ ಬೋಯಿಂಗ್ ಕೂಡ ಒಂದು ದಿನದ ಮಟ್ಟಿಗೆ ವಿಶೇಷ ವಿಮಾನ ಆಗಬಹುದು. ‘ಚಾರ್ಟರ್ಡ್ ವಿಮಾನ’ ಬಾಡಿಗೆಯ ಮಾತು. ‘ಖಾಸಗಿ ವಿಮಾನ’ ಒಡೆತನದ ಮಾತು. ನನಗೆ ಬೇಕಾದದ್ದು ವಿಮಾನದ ಜಾತಿಯ ಹೆಸರು. ಯಾರದ್ದಾದರೂ ಆಗಿರಲಿ, ಯಾವ ಕೆಲಸಕ್ಕಾದರೂ ಹೋಗಲಿ, ಹೆಸರು ನಿಲ್ಲಬೇಕು.

ಇದು ಸುಮ್ನೆ ಎತ್ತಿದ ತಕರಾರಲ್ಲ. ಫಾಲ್ಕನ್ನಿನ ಕಥೆಯಲ್ಲೇ ಈ ತೊಡಕಿದೆ. ಇವುಗಳಲ್ಲಿ ಮೊದಲನೆಯದು 1963ರ ಮೇ 4ರಂದು ಬೋರ್ಡೋ ಪಕ್ಕದ ಮೆರಿನ್ಯಾಕ್‌ನಲ್ಲಿ ಹಾರಿತು. ಫ್ರಾನ್ಸಿನಲ್ಲಿ ಅದರ ಹೆಸರು ಮಿಸ್ತೇರ್ 20. ಅಮೆರಿಕದ ಪ್ಯಾನ್ ಆಮ್ ವಿಮಾನಯಾನ ಕಂಪನಿ ಇಂಥದೊಂದು ವಿಮಾನಕ್ಕಾಗಿ ಹುಡುಕುತ್ತಿತ್ತು. ಅವರ ಸಲಹೆಗಾರ ಚಾರ್ಲ್ಸ್ ಲಿಂಡ್‌ಬರ್ಗ್, 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿದ ಅದೇ ಲಿಂಡ್‌ಬರ್ಗ್, ಅದನ್ನು ನೋಡಿ ನಮ್ಮ ಹಕ್ಕಿ ಸಿಕ್ಕಿತು ಎಂದು ತಂತಿ ಕಳಿಸಿದರಂತೆ. ಪ್ಯಾನ್ ಆಮ್ 40 ವಿಮಾನ ಕೇಳಿತು. ಫಾಲ್ಕನ್ ಅನ್ನುವ ಹೆಸರು ಬಂದದ್ದು ಆ ಅಮೆರಿಕದ ಮಾರಾಟಕ್ಕೆ. ಇದೇ ಫಾಲ್ಕನ್ 20ಕ್ಕೆ ದೊಡ್ಡ ಬಾಗಿಲು ಇಟ್ಟು, ಸೀಟು ಕಿತ್ತು, ಫೆಡೆಕ್ಸ್ ಕಂಪನಿ 1973ರ ಏಪ್ರಿಲ್‌ನಲ್ಲಿ ಮೆಂಫಿಸ್‌ನಿಂದ ಪಾರ್ಸೆಲ್ ಸಾಗಿಸಲು ಶುರುಮಾಡಿತು. ಮೊದಲ ರಾತ್ರಿ 14 ವಿಮಾನ, 186 ಪೊಟ್ಟಣ. ಅಮೆರಿಕದ ಕರಾವಳಿ ಪಡೆ ಇದನ್ನೇ ಗಸ್ತಿಗೆ ಬಳಸಿತು. ಫ್ರಾನ್ಸಿನ ನೌಕಾಪಡೆ ಫಾಲ್ಕನ್ 50ರಲ್ಲಿ ಸಮುದ್ರ ಕಾಯುತ್ತದೆ. ಅಲ್ಲಿನ ಅಧ್ಯಕ್ಷರಿಗೆ ಫಾಲ್ಕನ್ 7ಎಕ್ಸ್ ಇದೆ. ಇವುಗಳಲ್ಲಿ ಯಾವುದು ‘ಖಾಸಗಿ’? ಪಾರ್ಸೆಲ್ ಹೊತ್ತದ್ದನ್ನು ಬಿಟ್ಟರೆ ಎಲ್ಲವೂ ಸರ್ಕಾರದ್ದೇ.

‘ವ್ಯವಹಾರ ವಿಮಾನ’ ಎಂದು ಬರೆದು ನೋಡಿದೆ. ಓದುವಾಗ ಏನೋ ಗೋಲ್‌ಮಾಲ್ ವ್ಯವಹಾರದ ವಿಮಾನ ಅನ್ನಿಸುತ್ತದೆ, ಅಲ್ವಾ? ‘ಲಘು ಜೆಟ್’ ಕೂಡ ಆಗುವುದಿಲ್ಲ. ಈ ಗುಂಪಿನಲ್ಲೇ ಹಗುರದ್ದು, ನಡುವಿನದು, ದೊಡ್ಡದು ಎಂದು ಒಳಭೇದಗಳಿವೆ. ಸಾಲದ್ದಕ್ಕೆ ಜಕ್ಕೂರಿನಲ್ಲಿ ಕಲಿಯುವವರು ಹಾರಿಸುವ ಪುಟ್ಟ ವಿಮಾನಕ್ಕೂ ಲಘು ವಿಮಾನ ಅನ್ನುವುದು ರೂಢಿ. ನನ್ನ ಮಟ್ಟಿಗೆ ‘ಬಿಸಿನೆಸ್ ಜೆಟ್’ ಎಂದೇ ಇಟ್ಟುಕೊಳ್ಳುವುದು ಸರಿ. ಇದಕ್ಕಿಂತ ಚೆನ್ನಾದ್ದು ಇದ್ದರೆ ಹೇಳಿ. ಆದರೆ ಫೆಡೆಕ್ಸ್ ವಾಕ್ಯದಲ್ಲಿ ಕೂರಿಸಿ ನೋಡಿ ಆಮೇಲೆ ಹೇಳಿ.

ಎರಡನೆಯದು ಇದಕ್ಕಿಂತ ಮಜವಾಗಿದೆ. ಜೋಡಣೆ ಮುಗಿದು ಹಾರಲು ತಯಾರಾದ, ಆದರೆ ಒಳಗೆ ಸೀಟು, ಸೋಫಾ, ಅಡುಗೆ ಕಟ್ಟೆ ಏನೂ ಇಲ್ಲದ, ಹೊರಗೆ ಬಣ್ಣ ಬಳಿಯದ ಬಿಸಿನೆಸ್ ಜೆಟ್‌ಗೆ ಆ ಕಸುಬಿನವರು ‘ಗ್ರೀನ್’ ವಿಮಾನ ಅನ್ನುತ್ತಾರೆ. ಫಾಲ್ಕನ್‌ಗಳು ಮೆರಿನ್ಯಾಕ್‌ನಲ್ಲಿ ಜೋಡಣೆಯಾಗಿ ಇದೇ ಸ್ಥಿತಿಯಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕದ ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ಗೆ ಹೋಗುತ್ತವೆ. ಕೊಂಡವರು ಕೇಳಿದಂತೆ ಒಳಗಿನ ಕೆಲಸವೂ ಬಣ್ಣವೂ ಅಲ್ಲಿ ಆಗುತ್ತದೆ. ಬರಿಮೈ ವಿಮಾನಕ್ಕೆ ತುಕ್ಕು ಹಿಡಿಯದಂತೆ ಹಚ್ಚುವ ಪ್ರೈಮರ್ ಹಸಿರು ಛಾಯೆಯದು. ಹೆಸರು ಅದರಿಂದ ಬಂತು ಅನ್ನುವವರಿದ್ದಾರೆ. ಕೆಲಸ ಪೂರ್ತಿ ಆಗದ್ದಕ್ಕೆ ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಆ ಮಾತಿದೆ, ಅದೇ ಕಾರಣ ಅನ್ನುವವರೂ ಇದ್ದಾರೆ.

ಇದನ್ನು ‘ಹಸಿರು ವಿಮಾನ’ ಎಂದು ಬರೆದರೆ ಓದುಗರು ಪರಿಸರ ಉಳಿಸುವ ವಿಮಾನ ಎಂದುಕೊಳ್ಳುತ್ತಾರೆ. ಅದೇ ಬರಹದಲ್ಲಿ ಜೈವಿಕ ಇಂಧನದ ಮಾತೂ ಬರುತ್ತದೆ, ಅದು ನಿಜಕ್ಕೂ ‘ಹಸಿರು ಇಂಧನ’. ಗೊಂದಲ ಗ್ಯಾರಂಟಿ.

ಆಗ ಹೊಳೆದದ್ದು ‘ಹಸಿ’. ಹಸಿ ಇಟ್ಟಿಗೆ, ಹಸಿ ಮಡಕೆ, ಹಸಿ ಸೌದೆ. ಆಕಾರ ಬಂದಿದೆ, ಬಳಕೆಗೆ ಇನ್ನೂ ಆಗಿಲ್ಲ ಅನ್ನುವುದು ಈ ಪದದಲ್ಲೇ ಇದೆ. ಹಸಿ, ಹಸಿರು ಎರಡಕ್ಕೂ ಬೇರು ಒಂದೇ. ತಮಿಳಿನಲ್ಲಿ ‘ಪಚ್ಚೈ’ ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಕನ್ನಡ ಅದನ್ನು ಎರಡಾಗಿ ಬಿಡಿಸಿಕೊಂಡಿದೆ. ಹಾಗಾಗಿ ಇಂಗ್ಲಿಷಿನ ಗೊಂದಲ ನಮಗೆ ಬರಬೇಕಿಲ್ಲ. ‘ಹಸಿ ಫಾಲ್ಕನ್ ಲಿಟಲ್ ರಾಕ್‌ಗೆ ಹಾರಿತು.’ ನನಗಂತೂ ಕಿವಿಗೆ ಹಿತವಾಗಿದೆ.

ಒಂದೇ ಅಡ್ಡಿ. ಹಸಿ ಅಂದರೆ ಒದ್ದೆ ಅನ್ನುವ ಅರ್ಥವೂ ಇದೆ. ‘ಗೋಡೆ ಇನ್ನೂ ಹಸಿ ಇದೆ, ಮುಟ್ಟಬೇಡ’ ಅನ್ನುತ್ತೇವೆ. ಹಸಿ ವಿಮಾನ ಅಂದರೆ ಪೇಂಟ್ ಒಣಗದ ವಿಮಾನ ಎಂದು ತಿಳಿದುಕೊಂಡಾರು. ಅದಕ್ಕಿಂತ ದೊಡ್ಡ ತೊಂದರೆ ಬಾಡಿಗೆ ಕರಾರಿನದು. ವಿಮಾನವನ್ನು ಪೈಲಟ್, ಸಿಬ್ಬಂದಿ, ನಿರ್ವಹಣೆ, ವಿಮೆ ಸಮೇತ ಕೊಟ್ಟರೆ ಅದು ‘ವೆಟ್ ಲೀಸ್’. ಬರೀ ವಿಮಾನ ಕೊಟ್ಟರೆ ‘ಡ್ರೈ ಲೀಸ್’. ಇವನ್ನು ಯಾರಾದರೂ ಹಸಿ ಗುತ್ತಿಗೆ, ಒಣ ಗುತ್ತಿಗೆ ಎಂದು ಮಾಡಿಬಿಟ್ಟರೆ ಹಸಿ ವಿಮಾನಕ್ಕೆ ಎಲ್ಲ ಸೌಕರ್ಯ ತುಂಬಿದ್ದು ಅನ್ನುವ ಅರ್ಥ ಅಂಟುತ್ತದೆ. ನಮಗೆ ಬೇಕಾದದ್ದಕ್ಕೆ ನೇರ ಉಲ್ಟಾ! ‘ಬರಿಮೈ ವಿಮಾನ’ ಆದೀತೇ? ಮೈ ಬಗ್ಗೆ ಹೇಳುತ್ತದೆ, ಒಳಗೆ ಖಾಲಿ ಅನ್ನುವುದನ್ನು ಹೇಳುವುದಿಲ್ಲ.

ಹೆಸರುಗಳ ಬಗ್ಗೆ ಚುಟುಕಾಗಿ. ಕಂಪನಿಯನ್ನು ‘ಡಸಾಲ್ಟ್’ ಎಂದು ಬರೆಯುವುದು ನಮ್ಮಲ್ಲಿ ಕಾಣುತ್ತದೆ. ಫ್ರೆಂಚರ ಬಾಯಲ್ಲಿ ಅದು ‘ದಸೋ’. ಕೊನೆಯ ಎರಡು ಅಕ್ಷರ ಉಚ್ಚಾರವೇ ಇಲ್ಲ. ಸ್ಥಾಪಕರ ಹುಟ್ಟು ಹೆಸರು ಮಾರ್ಸೆಲ್ ಬ್ಲೋಖ್. ನಾಜಿಗಳ ಕಾಲದಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ಸೆರೆಯಿದ್ದು ಬದುಕಿ ಬಂದವರು. ಯುದ್ಧದ ನಂತರ ಇಟ್ಟುಕೊಂಡ ದಸೋ ಹೆಸರು ಅವರ ಅಣ್ಣನ ಗುಪ್ತನಾಮದಿಂದ ಬಂದದ್ದು. ಅಣ್ಣ ಪ್ರತಿರೋಧ ಚಳವಳಿಯಲ್ಲಿದ್ದ ಸೇನಾಧಿಕಾರಿ, ಆ ಗುಪ್ತನಾಮದ ಮೂಲ ಯುದ್ಧ ಟ್ಯಾಂಕಿಗಿರುವ ಫ್ರೆಂಚ್ ಮಾತು. ನಾನು ದಸೋ ಎಂದೇ ಬರೆಯುತ್ತೇನೆ.

ಮಾದರಿಗಳ ಹೆಸರನ್ನು ಅನುವಾದಿಸುವ ಆಸೆ ಬೇಡ. ನಮ್ಮ ವಾಯುಪಡೆ ಇದೇ ಕಂಪನಿಯ ‘ಊರಗಾಂ’ ವಿಮಾನವನ್ನು ‘ತೂಫಾನಿ’ ಮಾಡಿಕೊಂಡದ್ದು ನಿಜ, ಮಿರಾಜ್ 2000ಕ್ಕೆ ‘ವಜ್ರ’ ಎಂದದ್ದೂ ನಿಜ. ಅದು ಇಟ್ಟುಕೊಂಡವರ ಹಕ್ಕು. ಫಾಲ್ಕನ್ ಅಂದರೆ ಡೇಗೆ ಹಕ್ಕಿ, ಆದರೆ ನಾವು ‘ಡೇಗೆ 2000’ ಎಂದರೆ ಯಾರಿಗೂ ತಿಳಿಯದು. ಅಂಕಿ ನೋಡಿ ಗಾತ್ರವನ್ನೂ ಊಹಿಸಬೇಡಿ. ಫಾಲ್ಕನ್ 10 ಬಂದದ್ದು 20ರ ನಂತರ, ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು. ಮೂರು ಎಂಜಿನ್ನಿನ 900ಕ್ಕಿಂತ ಎರಡು ಎಂಜಿನ್ನಿನ 2000ದ ಕ್ಯಾಬಿನ್ ಮೋಟು. ಅದಾದ ಮೇಲೆ ಬಂದದ್ದು 7ಎಕ್ಸ್!

ಉಳಿದದ್ದು ಹಸಿಯ ಪ್ರಶ್ನೆ. ಎಚ್‌ಎಎಲ್‌ನಲ್ಲೋ ಎನ್‌ಎಎಲ್‌ನಲ್ಲೋ ವಿಮಾನ ಜೋಡಿಸುವ ಕೆಲಸದಲ್ಲಿರುವವರು ಇಲ್ಲಿದ್ದರೆ, ಬಣ್ಣ ಕಾಣದ ವಿಮಾನಕ್ಕೆ ನಿಮ್ಮ ಶಾಪ್‌ನಲ್ಲಿ ಕನ್ನಡದಲ್ಲಿ ಏನಂತಾರೆ? ಬಸ್ಸಿಗೆ ಬಾಡಿ ಕಟ್ಟುವವರಿಂದ ಕೇಳಿದ ಪದವಾದರೂ ಪರವಾಗಿಲ್ಲ.