ಪದ ಬೇಕು, ಇವತ್ತೇ: ರೋಡಿಯಂ, ಬಿಳಿ ಬಂಗಾರ, ಮುಲಾಮು

ಗದಗಿನಿಂದ:
ನಮಸ್ಕಾರ್ರೀ. ಸಂಜಿಕ ಬೋರ್ಡ್ ಬರಿಯಾಂವ ಬರ್ತಾನ, ಅದಕ್ಕ ಈ ಅವಸರ. ಮಾವನ ಬಂಗಾರದ ಅಂಗಡಿಗೆ ಹೊಸ ಬೋರ್ಡ್, ಅದರ ಜೋಡಿ ಗಿರಾಕಿಗಳಿಗೆ ಕೊಡಾಕ ಒಂದು ಸಣ್ಣ ಕರಪತ್ರ. ವೈಟ್ ಗೋಲ್ಡ್ ಉಂಗುರ ಹಾಕಿ ಹಾಕಿ ಮ್ಯಾಲಿನ ಬಿಳುಪು ಸವೆದು ಹಳದಿ ಕಂಡ್ರ ಮತ್ತ ರೋಡಿಯಂ ಅನ್ನೂ ಬಿಳಿ ಲೋಹದ ತೆಳು ಪದರು ಕೂಡಿಸ್ತಾರ, ಅಂದ್ರ ಪ್ಲೇಟಿಂಗ್ ಮಾಡಿಕೊಡ್ತಾರ, ಹೇಳಬೇಕಾದದ್ದು ಇಷ್ಟ. ನಾ ಬರದದ್ದು: "ಬಿಳಿ ಬಂಗಾರಕ್ಕೆ ರೋಡಿಯಂ ಮುಲಾಮು ಹಾಕಿಕೊಡಲಾಗುವುದು." ಬಾಜೂಕಿನ ಗೊಬ್ಬರದ ಅಂಗಡಿಯವರು ಓದಿ "ಹತ್ತಿಗೆ ಹೊಸ ಔಷಧ ಬಂತೇನ್ರೀ?" ಅಂದ್ರು. ಖರೇನ, ನಮ್ಮ ಕಡೆ ಬಿಳಿ ಬಂಗಾರ ಅಂದ್ರ ಹತ್ತಿ, ಮುಲಾಮು ಅಂದ್ರ ಗಾಯಕ್ಕ ಹಚ್ಚೂದು. ದಾರಿ ತೋರಿಸ್ರಿ.

ಧಾರವಾಡದಿಂದ:
"ರೋಡಿಯಂ" ಎಂದು ಇದ್ದಂತೆಯೇ ಬರೆಯುವುದು ಸೋಮಾರಿತನ. ಪೊನ್ ಎಂದರೆ ಬರೀ ಚಿನ್ನವಲ್ಲ, ಲೋಹವೂ ಹೌದು. ಕರ್ (ಕಪ್ಪು) + ಪೊನ್ ಸವೆದೇ ಕಬ್ಬಿಣ. ತಮಿಳರು ಪಂಚಲೋಹಕ್ಕೆ ಇಂದಿಗೂ ಐಂಪೊನ್ ಎನ್ನುತ್ತಾರೆ. ಅದೇ ಜಾಡಿನಲ್ಲಿ ಬೆಳ್ (ಬಿಳಿ) + ಪೊನ್, ಬೆಳ್ವೊನ್ನು. ಆದೇಶ ಸಂಧಿಯಲ್ಲಿ ಪ ವ ಆದದ್ದು ಹೇಗೆಂದು ಕೇಳುವವರು ತ ದ ಆದ ಬೆಳ್ದಿಂಗಳನ್ನು ನೋಡಿಕೊಳ್ಳಲಿ. ಮುಲಾಮು ಅರಬ್ಬಿ. ತೆಗೆದುಹಾಕಿ.

ಹಾವೇರಿಯಿಂದ:
ಬೆಳ್ವೊನ್ನು ಯಾವುದಕ್ಕೆ ಸ್ವಾಮಿ? ರೋಡಿಯಮ್ಮಿಗೋ, ವೈಟ್ ಗೋಲ್ಡಿಗೋ, ಪ್ಲಾಟಿನಮ್ಮಿಗೋ? ಬೆಳ್ಳಿಯೊಳಗೂ ಅದೇ ಬೆಳ್ ಕೂತಿದೆ. ಈ ಗೊಂದಲವನ್ನು ಸ್ಪೇನಿನವರು ನಮಗಿಂತ ಮೊದಲೇ ಮಾಡಿ ಮುಗಿಸಿದ್ದಾರೆ: ಕೊಲಂಬಿಯಾದ ಹೊಳೆಮರಳಿನಲ್ಲಿ ಚಿನ್ನದ ಜೊತೆ ಸಿಕ್ಕ ಬಿಳಿ ಕಾಳುಗಳನ್ನು "ಪ್ಲಾಟಿನಾ", ಅಂದರೆ ಚಿಕ್ಕ ಬೆಳ್ಳಿ, ಎಂದು ಕರೆದರು. ರೋಡಿಯಮ್ಮಿನ ಹೆಸರಿಗಂತೂ ಬಿಳುಪಿನ ಸಂಬಂಧವೇ ಇಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವೊಲಾಸ್ಟನ್ 1804ರಲ್ಲಿ ಅದನ್ನು ಪ್ರಕಟಿಸಿದಾಗ ಹೆಸರಿಟ್ಟದ್ದು ಅದರ ಲವಣದ ಬಣ್ಣ ನೋಡಿ. ಗ್ರೀಕಿನಲ್ಲಿ ರೋಡಾನ್ ಎಂದರೆ ಗುಲಾಬಿ. ನಿಮ್ಮ ನಿಯಮದಂತೆ ಗುಲಾಬಿವೊನ್ನು ಆಗಬೇಕು. ಗುಲಾಬಿ ಪಾರಸಿ. ಈಗೇನು ಮಾಡ್ತೀರಿ?

ಮುಲಾಮಿನ ವಿಚಾರ: ಅವು ಎರಡು ಬೇರೆ ಪದ. ಗಾಯಕ್ಕೆ ಹಚ್ಚುವುದು ಮರ್ಹಮ್, ಲೋಹಕ್ಕೆ ಕೊಡುವುದು ಮುಲಮ್ಮಾ. ನಮ್ಮ ಬಾಯಲ್ಲಿ ಸವೆದು ಒಂದಾಗಿವೆ. ತಪ್ಪೇನಿಲ್ಲ, ಆದರೆ ಬೋರ್ಡಿಗೆ ಆಗಿಬರುವುದಿಲ್ಲ.

ಹುಬ್ಬಳ್ಳಿಯಿಂದ:
ನಾ ಪ್ಲೇಟಿಂಗ್ ಕೆಲಸದಾಂವ. ಪದ ಆಮ್ಯಾಲ, ಮೊದಲ ವಸ್ತು ತಿಳಕೊಳ್ರಿ. ವೈಟ್ ಗೋಲ್ಡ್ ಅಂದ್ರ ಬಂಗಾರಕ್ಕ ಪಲ್ಲಾಡಿಯಂ ಇಲ್ಲಾ ನಿಕ್ಕಲ್ ಬೆರೆಸಿದ್ದು. ಬೆರೆಸಿದ ಮ್ಯಾಲೂ ಹೆಚ್ಚಾಗಿ ನಸು ಹಳದಿ ಉಳೀತೈತಿ, ಅದನ್ನ ಮುಚ್ಚಾಕ ರೋಡಿಯಂ. ಉಂಗುರದ ಜಿಡ್ಡು ಪೂರಾ ತೆಗೀಬೇಕು, ಬೆರಳಿನ ಗುರುತು ಸೈತ ಉಳೀಬಾರದು, ಉಳದ್ರ ಅಲ್ಲೇ ಪದರು ಏಳ್ತೈತಿ. ತಂತಿಗೆ ಕಟ್ಟಿ ರೋಡಿಯಂ ದ್ರಾವಣದಾಗ ಇಳಿಬಿಟ್ಟು ಕರೆಂಟ್ ಕೊಡೂದು. ಕೂಡೂ ಪದರು ಒಂದು ಮೈಕ್ರಾನಿಗಿಂತ ತೆಳು. ಅಂಗೈ ಕಡಿ ಬದಿಗೆ ಮೊದಲ ಸವೀತೈತಿ. ನಿಕ್ಕಲ್ ಆಗದವರಿಗೆ ಆ ಪದರು ಇರೂ ತನಕ ತುರಿಕಿ ಇಲ್ಲ, ಇದನ್ನ ಕರಪತ್ರದಾಗ ಹಾಕ್ರಿ. ಬೆಳ್ಳಿಗೆ ಕೊಟ್ರ ಕಪ್ಪಾಗೂದಿಲ್ಲ; ಗಾಳಿಯೊಳಗಿನ ಗಂಧಕ ಬೆಳ್ಳಿಗೆ ಹತ್ತತೈತಿ, ರೋಡಿಯಮ್ಮಿಗೆ ಹತ್ತೂದಿಲ್ಲ.

"ರೋಡಿಯಂ ಉಂಗುರ" ಅಂತ ಮಾತ್ರ ಬರೀಬ್ಯಾಡ್ರಿ, ಸುಳ್ಳಾಗ್ತೈತಿ. ಬಂಗಾರ 1064 ಡಿಗ್ರಿಗೆ ಕರಗಿದ್ರ ಇದಕ್ಕ 1964 ಬೇಕು, ಪತ್ತಾರರ ಮೂಸ್ಯಾಗ ಆಗೂ ಕೆಲಸ ಅಲ್ಲ. ಬಂಗಾರ ಕರಗಿಸೂ ಆಸಿಡ್ ಮಿಶ್ರಣಕ್ಕೂ ಗಟ್ಟಿ ರೋಡಿಯಂ ಜಗ್ಗೂದಿಲ್ಲ. ಮತ್ತ ಇದರ ಬಹುಪಾಲು ಒಡವಿಗೆ ಬರೂದ ಇಲ್ಲ, ಕಾರಿನ ಹೊಗಿ ಶುದ್ಧ ಮಾಡೂ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗ್ತೈತಿ. ಹೊಗಿಯೊಳಗಿನ ನೈಟ್ರೋಜನ್ ಆಕ್ಸೈಡನ್ನ ಬರೀ ನೈಟ್ರೋಜನ್ ಮಾಡೂದು ಅದರ ಕೆಲಸ. ಸಿಗೂದು ಹೆಚ್ಚಾಗಿ ದಕ್ಷಿಣ ಆಫ್ರಿಕಾದಾಗ, ಅದೂ ಪ್ಲಾಟಿನಂ ತೆಗಿಯುವಾಗ ಜೋಡಿ ಬರೂದು. ಬೇಕಂದಾಗ ಇದೊಂದನ್ನ ಜಾಸ್ತಿ ತೆಗಿಯಾಕ ಬರೂದಿಲ್ಲ, ಅದಕ್ಕ ರೇಟು ಹುಚ್ಚುಹುಚ್ಚಾಗಿ ಕುಣೀತೈತಿ. 2021ರಾಗ ಔನ್ಸಿಗೆ 29,000 ಡಾಲರ್ ಹತ್ತರ ಹೋಗಿ ಇಳೀತು. ಆ ವರ್ಷ ನಮ್ಮ ಗಿರಾಕಿಗಳ ಬೈಗುಳ ಕೇಳಬೇಕಿತ್ತು ನೀವು.

ಪದ ಕೇಳಿದ್ರಿ. ಬಂಗಾರದ ನೀರು ಕುಡಿಸೂದು ಅಂತೀವಲ್ಲ, ಹಂಗ "ರೋಡಿಯಂ ನೀರು" ಅನ್ರಿ. ಮುಗೀತು.

ಧಾರವಾಡದಿಂದ:
ನೀರು ಅಚ್ಚ ದ್ರಾವಿಡ. ಸಂಸ್ಕೃತದ ನೀರವೂ ನಮ್ಮಿಂದ ಹೋದದ್ದು. ಒಪ್ಪಿಗೆ.

ಗದಗಿನಿಂದ:
ಮಾವ ಒಪ್ಪವಲ್ಲರು. "ನೀರು ಕುಡಿಸಿದ್ದು" ಅಂದ್ರ ಖೊಟ್ಟಿ ಮಾಲು ಅಂತ ಗಿರಾಕಿ ಎದ್ದು ಹೋಗ್ತಾರಂತ. ಅವರಿಗೆ "ರೋಡಿಯಂ ಪಾಲಿಶ್" ಬೇಕಂತ, ಪ್ಯಾಟಿಯೊಳಗ ಎಲ್ಲಾರೂ ಹಂಗ ಅಂತಾರ.

ಹುಬ್ಬಳ್ಳಿಯಿಂದ:
ಪಾಲಿಶ್ ಅಂದ್ರ ತಿಕ್ಕಿ ತೆಗಿಯೂದು, ಇದು ಮ್ಯಾಲ ಕೂಡಿಸೂದು. ಪಾಲಿಶ್ ಅಂತ ಬರದ್ರ ತೂಕ ಎಷ್ಟ್ ಹೋತು ಅಂತ ದಿನಾ ತಕರಾರು. ಬ್ಯಾಡ.

ಹಾವೇರಿಯಿಂದ:
ಹಾಗಾದರೆ ಲೇಪ. ಎಲ್ಲರಿಗೂ ತಿಳಿಯುತ್ತದೆ, ಮರ್ಯಾದೆಗೂ ಕುಂದಿಲ್ಲ.

ಧಾರವಾಡದಿಂದ:
ಅರಬ್ಬಿ ಹೋಗಿ ಸಂಸ್ಕೃತ ಬಂತು. ಹೊದಿಕೆ ಎನ್ನಲು ಏನು ಅಡ್ಡಿ?

ಹಾವೇರಿಯಿಂದ:
ಹೊದಿಕೆ ಅಂದರೆ ಕಂಬಳಿ. ನಿಮ್ಮ ಜರಡಿ ಹಿಡಿದರೆ ಸರಾಫ ಹೋಗಬೇಕು, ಕಲಾಯಿ ಹೋಗಬೇಕು, ಜವಾಹೀರ ಹೋಗಬೇಕು. ಬಂಗಾರವನ್ನೇ ಸಂಸ್ಕೃತದ ಭೃಂಗಾರಕ್ಕೆ ಒಯ್ಯುವವರಿದ್ದಾರೆ, ಅದನ್ನೂ ಬೋರ್ಡಿನಿಂದ ಕೆರೆಸೋಣವೇ? ಧಾರವಾಡದವರು ಪೇಡೆ ಯಾವಾಗ ಬಿಡ್ತೀರಿ?

ಧಾರವಾಡದಿಂದ:
ಪೇಡೆಗೆ ಇಲ್ಲಿ ಕೆಲಸವಿಲ್ಲ. ಬಂದು ನೆಲೆಸಿದ ಪದವನ್ನು ಓಡಿಸಿ ಎಂದು ನಾನು ಹೇಳಿಲ್ಲ. ಹೊಸ ವಸ್ತು ಬಂದಾಗಲಾದರೂ ನಮ್ಮ ಬೇರನ್ನು ಒಮ್ಮೆ ಮುಟ್ಟಿ ನೋಡಿ ಎಂದೆ. ಅದೂ ಹೆಚ್ಚಾಯಿತೇ?

ಹಾವೇರಿಯಿಂದ:
ಬೋರ್ಡಿಗೆ ಹೆಚ್ಚಾಯಿತು.

ಗದಗಿನಿಂದ:
ಬೋರ್ಡ್ ಆತ್ರೀ. "ವೈಟ್ ಗೋಲ್ಡ್ ಮತ್ತು ಬೆಳ್ಳಿ ಆಭರಣಗಳಿಗೆ ರೋಡಿಯಂ ಲೇಪ ಮಾಡಿಕೊಡಲಾಗುವುದು." ಹತ್ತಿಯವರ ಕಾಟ ತಪ್ಪಲಿ ಅಂತ ಬಿಳಿ ಬಂಗಾರ ಕೈಬಿಟ್ಟೆ. ರೋಡಿಯಮ್ ಅಂತ ಅರ್ಧ ಮ ಬರಿಯೂದೋ ಸೊನ್ನಿ ಹಾಕೂದೋ ಅಂತ ಕೇಳೂದ್ರಾಗ ಬೋರ್ಡ್ ಬರಿಯಾಂವ ಸೊನ್ನಿ ಹಾಕಿದ್ದ, ಜಾಗ ಉಳೀತದಂತ. ಸವೆಯೂ ಮಾತು, ನಿಕ್ಕಲ್ ತುರಿಕಿ ಮಾತು ಎರಡೂ ಕರಪತ್ರದಾಗ ಹಾಕೇನಿ. ಎಲ್ಲಾರಿಗೂ ಶರಣು.

ಧಾರವಾಡದಿಂದ:
"ಮಾಡಿಕೊಡಲಾಗುವುದು" ಏಕೆ? ಯಾರು ಮಾಡಿಕೊಡುವುದು? "ಮಾಡಿಕೊಡುತ್ತೇವೆ" ಎಂದು ತಿದ್ದಿಸಿ.