ಐದು ತಿಂಗಳ ನಾಟಿ ಹುಂಜ ಮನೆಯವರ ಮೇಲೇ ಎಗರ್ತಿದೆ, ಸರಿ ಮಾಡೋಕೆ ಆಗುತ್ತಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ದು ಹಾಸನ ಕಡೆ, ಹಿತ್ಲಲ್ಲಿ ಆರು ಹ್ಯಾಟೆ ಒಂದು ಹುಂಜ ಇದಾವೆ, ಎಲ್ಲಾ ನಾಟಿ. ಈ ಹುಂಜ ಮರಿ ಇದ್ದಾಗ ತಾಯಿ ಕೋಳೀನ ನಾಯಿ ಹಿಡ್ಕೊಂಡೋಯ್ತು, ಉಳಿದಿದ್ದು ಇದೊಂದೇ, ಅಡುಗೆಮನೇಲೇ ರಟ್ಟಿನ ಡಬ್ಬದಲ್ಲಿಟ್ಟು ಬಲ್ಬ್ ಹಾಕಿ ಸಾಕಿದ್ವಿ, ಮಗಳ ಕೈಮೇಲೆ ಕೂತು ನುಚ್ಚು ತಿಂತಿತ್ತು. ಕೂಗೋಕೆ ಶುರು ಮಾಡಿದ್ಮೇಲೆ ಪೂರ್ತಿ ಬದಲಾಗೋಯ್ತು. ಮೊದಮೊದಲು ಒಂದು ರೆಕ್ಕೆ ಇಳಿಬಿಟ್ಕೊಂಡು ಪಕ್ಕಕ್ಕೆ ಹೆಜ್ಜೆ ಹಾಕ್ತಾ ಸುತ್ತು ಬರ್ತಿತ್ತು, ಈಗ ಕತ್ತಿನ ಪುಕ್ಕ ಕೆದರ್ಕೊಂಡು ಹಿಂದಿನಿಂದ ಎಗರಿ ಒದೆಯುತ್ತೆ. ಮೊಟ್ಟೆ ತೆಗೆಯೋಕೆ ಹೋದ ಅತ್ತೆ ಕಾಲಿಗೆ ಗಾಯ ಆಗಿದೆ. ಅವರು ಪೊರಕೇಲಿ ಹೊಡೀತಾರೆ, ಹೊಡೆದಷ್ಟೂ ಜಾಸ್ತಿನೇ ಮಾಡುತ್ತೆ. ಮಗಳಿಗೆ ಆರು ವರ್ಷ, ಕಣ್ಣಿಗೇನಾದ್ರೂ ಆದ್ರೆ ಅಂತ ಭಯ. ಯಜಮಾನ್ರು ಸಾರು ಮಾಡಿಬಿಡು ಅಂತಾರೆ, ಮಗಳು ಅಳ್ತಾಳೆ. ದಯವಿಟ್ಟು ಗೊತ್ತಿರೋರು ಹೇಳಿ.

ಮಲ್ನಾಡ್ ಹಿತ್ಲು:
ಅಕ್ಕ, ಮೊದ್ಲು ಪೊರಕೆ ನಿಲ್ಸಿ. ಐದಾರು ತಿಂಗಳಲ್ಲಿ ಹುಂಜಕ್ಕೆ ಪ್ರಾಯ ಬರುತ್ತೆ, ಹಾರ್ಮೋನ್ ಏರುತ್ತೆ, ಗುಂಪಲ್ಲಿ ಯಾರು ಮೇಲು ಅಂತ ತೀರ್ಮಾನ ಆಗ್ಬೇಕು ಅದಕ್ಕೆ. ದೊಡ್ಡ ಹುಂಜ ಇರೋ ಕಡೆ ಅದೇ ಕುಕ್ಕಿ ಬುದ್ಧಿ ಕಲಿಸುತ್ತೆ. ನಿಮ್ದು ಒಂಟಿಯಾಗಿ ಮನುಷ್ಯರ ಕೈಲೇ ಬೆಳೆದಿದ್ದು, ಜನರ ಭಯನೇ ಇಲ್ಲ, ನಿಮ್ಮನ್ನೂ ಎದುರಾಳಿ ಹುಂಜದ ಲೆಕ್ಕಕ್ಕೆ ಹಿಡಿದಿದೆ. ಹೊಡೆದ್ರೆ ನೀವೂ ಜಗಳಕ್ಕೆ ನಿಂತ್ರಿ ಅಂತ ಅರ್ಥ, ಓಡಿದ್ರೆ ಅದು ಗೆತ್ತು ಅಂತ ಅರ್ಥ. ಎರಡೂ ಬೇಡ.

ಗಮ್ ಬೂಟ್ ಹಾಕ್ಕೊಂಡು ಹೋಗಿ, ರೆಕ್ಕೆ ಇಳಿಬಿಟ್ಟ ತಕ್ಷಣ ಅದ್ರ ಕಡೆ ತಿರುಗಿ ನಿಂತ್ಬಿಡಿ, ಹಿಂದಕ್ಕೆ ಒಂದು ಹೆಜ್ಜೆನೂ ಇಡ್ಬೇಡಿ, ಅದಾಗೇ ಮುಖ ತಿರುಗಿಸಿ ನೆಲ ಕೆದಕೋಕೆ ಹೋಗೋವರೆಗೂ. ಎಗರಿದ್ರೆ ಎರಡು ರೆಕ್ಕೆನೂ ಒತ್ತಿ ಹಿಡಿದು ಕಂಕುಳಲ್ಲಿ ಇಟ್ಕೊಂಡು ಓಡಾಡಿ, ಒದ್ದಾಟ ನಿಂತು ಮೈ ಸಡಿಲ ಬಿಟ್ಮೇಲೆನೇ ಕೆಳಗೆ ಬಿಡಬೇಕು. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸೋದು ಮಾತ್ರ ಬೇಡ, ಉಸಿರಾಟಕ್ಕೆ ತೊಂದ್ರೆ ಆಗುತ್ತೆ. ಹಗಲು ಸಿಗ್ಲಿಲ್ಲ ಅಂದ್ರೆ ಕತ್ತಲಾದ್ಮೇಲೆ ಹೋಗಿ, ಕೋಳಿಗೆ ಕತ್ತಲಲ್ಲಿ ಕಣ್ಣು ಸರಿ ಕಾಣಲ್ಲ, ಸುಲಭವಾಗಿ ಸಿಗುತ್ತೆ. ಅತ್ತೆಯವರೂ ಹಿಂಗೇ ಮಾಡ್ಬೇಕು, ಒಬ್ರು ಹೊಡೆದು ಒಬ್ರು ಹಿಡ್ಕೊಂಡ್ರೆ ಏನೂ ಪ್ರಯೋಜನ ಇಲ್ಲ.

ಪಶು ಆಸ್ಪತ್ರೆ ಸಿಬ್ಬಂದಿ:
ಮೇಲಿನವರು ಹೇಳಿದ್ದು ಸರಿ ಇದೆ, ಆದ್ರೆ ಮಗು ವಿಷ್ಯ ಬೇರೆ. ಅದು ಸರಿ ಹೋಗೋವರೆಗೂ ಮಗುನ ಒಂಟಿಯಾಗಿ ಹಿತ್ಲಿಗೆ ಬಿಡ್ಲೇಬೇಡಿ, ಆರು ವರ್ಷದ ಮಗು ಕೂತ್ರೆ ಮುಖ ಹುಂಜದ ಎತ್ತರಕ್ಕೇ ಬರುತ್ತೆ. ಮೊಟ್ಟೆ ತೆಗೆಯೋ ಹೊತ್ತಿಗೆ ಹುಂಜನ ಮಂಕರಿ ಕೆಳಗೆ ಮುಚ್ಚಿಡಿ. ಅತ್ತೆಗೆ ಟಿಟಿ ಇಂಜೆಕ್ಷನ್ ಆಗಿದ್ಯಾ? ಗಾಯ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟರ್‌ಗೆ ತೋರ್ಸಿ, ಮೇಲೆ ಚಿಕ್ಕದಾಗಿ ಕಂಡ್ರೂ ಒಳಗೆ ಆಳ ಇರುತ್ತೆ. ಹುಂಜದ ಕಾಲಿನ ಹಿಂದಿನ ಮುಳ್ಳು ಕತ್ತರಿಸಿಬಿಡಿ ಅಂತ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ, ಅದರೊಳಗೆ ಮೂಳೆ ರಕ್ತ ಎಲ್ಲಾ ಇದೆ. ಚೂಪು ತುದಿ ಮಾತ್ರ ಉಜ್ಜಿ ಮೊಂಡು ಮಾಡ್ಬಹುದು. ಹ್ಯಾಟೆಗಳ ಬೆನ್ನಿನ ಪುಕ್ಕ ಉದುರಿದ್ಯಾ ನೋಡಿ, ಒಂದು ಹುಂಜಕ್ಕೆ ಎಂಟು ಹತ್ತು ಹ್ಯಾಟೆ ಇದ್ರೆ ಒಳ್ಳೇದು, ಆರು ಸ್ವಲ್ಪ ಕಮ್ಮಿನೇ.

ಕರಾವಳಿ ಕಡೆಯವ:
ನಂದು ಸ್ವಲ್ಪ ಬೇರೆ ಅಭಿಪ್ರಾಯ. ಪ್ರಾಯದ ಬಿಸಿ ಆದ್ರೆ ಇಳಿಯುತ್ತೆ, ರಕ್ತದಲ್ಲೇ ಇದ್ರೆ ಕಷ್ಟ. ಅಸೀಲ್ ತಳಿ ಬೆರೆತಿರೋ ಹುಂಜಗಳು ಹುಟ್ಟಾ ಜಗಳಗಂಟಿ, ಆದ್ರೆ ಅವು ಬೇರೆ ಹುಂಜದ ಮೇಲೆ ಬೀಳೋದೇ ಜಾಸ್ತಿ, ಸಾಕಿದವರ ಹತ್ರ ಸಾಧುವಾಗೇ ಇರ್ತಾವೆ. ಮನುಷ್ಯರ ಮೇಲೇ ಬೀಳೋ ಹುಂಜದ ಮೊಟ್ಟೆ ಕಾವಿಗೆ ಇಡ್ಬೇಡಿ, ಆ ಗುಣ ಮರಿಗೂ ಬರಬಹುದು. ಒಂದೆರಡು ತಿಂಗಳು ಅವರು ಹೇಳಿದ ಹಾಗೆ ಮಾಡಿ ನೋಡಿ, ಆಮೇಲೂ ಹಿಂದಿನಿಂದ ಬಂದು ಹೊಡೆದ್ರೆ ಮಗು ಇರೋ ಮನೇಲಿ ಇಟ್ಕೊಳ್ಳೋದು ಬೇಡ, ಯಜಮಾನ್ರು ಹೇಳಿದ್ದೇ ಸರಿ. ಆದ್ರೆ ಒಳ್ಳೆ ರೇಟ್ ಕೊಡ್ತಾರೆ ಅಂತ ಕೋಳಿ ಅಂಕದ ಪಂದ್ಯಕ್ಕೆ ಮಾತ್ರ ಮಾರ್ಬೇಡಿ, ಕಾಲಿಗೆ ಕತ್ತಿ ಕಟ್ಟಿ ಬಿಡ್ತಾರೆ, ಕೈಯಾರೆ ಸಾಕಿದ ಜೀವಕ್ಕೆ ಆ ಸಾವು ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಪ್ರಾಣಿಗಳನ್ನ ಜಗಳಕ್ಕೆ ಬಿಡೋದು ಅಪರಾಧ ಕೂಡ.

ತೋಟದಮನೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅತ್ತೆಗೆ ಟಿಟಿ ಹಾಕ್ಸಿಲ್ಲ, ಇವತ್ತೇ ಕರ್ಕೊಂಡು ಹೋಗ್ತೀನಿ. ಇನ್ನೊಂದು ಪ್ರಶ್ನೆ, ಹುಂಜ ಇಲ್ದೆ ಹೋದ್ರೆ ಹ್ಯಾಟೆ ಮೊಟ್ಟೆ ಇಡೋದು ನಿಲ್ಸುತ್ತಾ?

ಮಲ್ನಾಡ್ ಹಿತ್ಲು:
ಇಲ್ಲ ಅಕ್ಕ, ಮೊಟ್ಟೆ ಇಡ್ತಾನೇ ಇರುತ್ತೆ, ಕಾವಿಗೆ ಇಟ್ರೆ ಮರಿ ಆಗಲ್ಲ ಅಷ್ಟೇ.